ಮರೆವಿನ ಮುನ್ಸೂಚನೆ: ಯಾರಿಗೆ ಬೇಕು ಈ ರಕ್ತ ಪರೀಕ್ಷೆ?

ಅಲ್ಝೈಮರ್ಸ್ ಕಾಯಿಲೆಯ ಪತ್ತೆಗೆ ನೆರವಾಗುವ ಮೊದಲ ರಕ್ತ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2025ರ ಮೇ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಜಪಾನ್ ಮೂಲದ ಫುಜಿರೆಬಿಯೊ ಕಂಪನಿಯ ಪರೀಕ್ಷೆ ಅದು. ಆ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಒಂದು ಪ್ರಶ್ನೆ ಕಿವಿಗೆ ಬೀಳತೊಡಗಿದೆ. “ನಮ್ಮಮ್ಮನಿಗೆ ಇತ್ತು. ನನಗೀಗ ಐವತ್ತು ದಾಟಿತು. ಯಾವುದಕ್ಕೂ ಇರಲಿ ಅಂತ ಆ ಟೆಸ್ಟ್ ಮಾಡಿಸಿಬಿಡಲಾ?” ಹೀಗೆ ಕೇಳುವವರ ಭಯವನ್ನು ತಳ್ಳಿಹಾಕುವ ಹಾಗಿಲ್ಲ. ಹೆತ್ತ ತಾಯಿ ತನ್ನನ್ನೇ “ನೀನು ಯಾರಪ್ಪ?” ಎಂದು ಕೇಳಿದ್ದನ್ನು ಕಂಡುಂಡವರು ಅವರು.

ನನ್ನ ಉತ್ತರ: ಬೇಡ, ಸದ್ಯಕ್ಕಂತೂ ಬೇಡ. ಆದರೆ ಆರೋಗ್ಯವಾಗಿರುವ ಐವತ್ತರವರಿಗೆ ಹೇಳುವ ಈ ‘ಬೇಡ’ವನ್ನು ನಿಜವಾಗಿ ಮರೆವು ಶುರುವಾಗಿರುವ ಎಪ್ಪತ್ತರವರಿಗೂ ಅನ್ವಯಿಸಿಬಿಟ್ಟರೆ ಅನಾಹುತ. ನಮ್ಮಲ್ಲಿ ಆಗುತ್ತಿರುವುದು ಹೆಚ್ಚೂಕಡಿಮೆ ಅದೇ. ಪರೀಕ್ಷೆ ಬೇಡದವರು ಪರೀಕ್ಷೆ ಹುಡುಕುತ್ತಾರೆ, ಬೇಕಾದವರು ಮನೆಯ ಜಗುಲಿಯಲ್ಲೇ ಕೂತಿರುತ್ತಾರೆ.

ಈ ಕಾಯಿಲೆಯನ್ನು ಬದುಕಿರುವವರಲ್ಲಿ ಖಚಿತವಾಗಿ ಗುರುತಿಸುವುದೇ ದೊಡ್ಡ ಸಮಸ್ಯೆಯಾಗಿತ್ತು. 1901ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಗೆ ಆಗುಸ್ಟೆ ಡೇಟರ್ ಎಂಬ 51 ವರ್ಷದ ಹೆಂಗಸನ್ನು ಕರೆತಂದಿದ್ದರು. ವೈದ್ಯ ಅಲೋಯಿಸ್ ಅಲ್ಝೈಮರ್ ಅವಳೊಂದಿಗೆ ನಡೆಸಿದ ಮಾತುಕತೆಯ ಟಿಪ್ಪಣಿಗಳು ಇವತ್ತಿಗೂ ಉಳಿದಿವೆ. ಊಟದ ಹೊತ್ತಿನಲ್ಲಿ ಅವಳ ತಟ್ಟೆಯಲ್ಲಿ ಹೂಕೋಸು, ಹಂದಿಮಾಂಸ ಇದ್ದವು. ಏನು ತಿನ್ನುತ್ತಿದ್ದೀರಿ ಎಂದು ಕೇಳಿದರೆ ಪಾಲಕ್ ಎಂದಳು. ಕಾಯಿಲೆ ಏನೆಂದು ಅಲ್ಝೈಮರ್‌ಗೆ ಗೊತ್ತಾಗಿದ್ದು 1906ರಲ್ಲಿ, ಅವಳು ಸತ್ತ ಮೇಲೆ. ಮಿದುಳಿನ ತೆಳು ಹೋಳುಗಳಿಗೆ ಬಣ್ಣ ಕಟ್ಟಿ ಸೂಕ್ಷ್ಮದರ್ಶಕದಡಿ ಇಟ್ಟಾಗ ಎರಡು ಬಗೆಯ ಕಸ ಕಂಡಿತು. ನರಕೋಶಗಳ ಹೊರಗೆ ಹೆಪ್ಪುಗಟ್ಟಿದ ಗಂಟುಗಳು, ಕೋಶಗಳ ಒಳಗೆ ಸಿಕ್ಕುಸಿಕ್ಕಾದ ಎಳೆಗಳು. ಗಂಟುಗಳಲ್ಲಿರುವುದು ಅಮೈಲಾಯ್ಡ್ ಬೀಟಾ ಎಂಬ ಪ್ರೋಟೀನ್, ಎಳೆಗಳಲ್ಲಿರುವುದು ಟೌ ಎಂಬ ಇನ್ನೊಂದು ಪ್ರೋಟೀನ್ ಎಂದು ತಿಳಿಯಲು ಮತ್ತೆ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಲ್ಲಿಯವರೆಗೂ, ಅದರ ನಂತರವೂ, ವೈದ್ಯರು ಬದುಕಿರುವ ರೋಗಿಗೆ ‘ಬಹುಶಃ ಅಲ್ಝೈಮರ್ಸ್’ ಎಂದೇ ಬರೆಯುತ್ತಿದ್ದರು. ಆ ‘ಬಹುಶಃ’ ಅಳಿಸಿಹೋಗುತ್ತಿದ್ದದ್ದು ಮರಣೋತ್ತರ ಪರೀಕ್ಷೆಯಲ್ಲಿ.

ಗೋಡೆ ಒಡೆದದ್ದು 2002ರಲ್ಲಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿಲಿಯಂ ಕ್ಲಂಕ್ ಮತ್ತು ಚೆಸ್ಟರ್ ಮ್ಯಾಥಿಸ್ ಅಂಗಾಂಶಗಳಿಗೆ ಬಳಸುವ ಬಣ್ಣವೊಂದನ್ನು ತಿದ್ದಿ ತೀಡಿ, ರಕ್ತದ ಮೂಲಕ ಮಿದುಳಿಗೆ ಹೋಗಿ ಅಮೈಲಾಯ್ಡ್‌ಗೆ ಅಂಟಿಕೊಳ್ಳುವ ವಿಕಿರಣಶೀಲ ರಾಸಾಯನಿಕ ಮಾಡಿದರು. ಅದನ್ನು ಮನುಷ್ಯರಿಗೆ ಮೊದಲು ಕೊಟ್ಟು ಪೆಟ್ ಸ್ಕ್ಯಾನ್ ಮಾಡಿದ್ದು ಸ್ವೀಡನ್ನಿನ ಉಪ್ಸಾಲಾದಲ್ಲಿ. ಜೀವಂತ ಮಿದುಳಿನಲ್ಲಿ ಗಂಟುಗಳು ಹೊಳೆದು ಕಂಡವು. ಆಮೇಲೆ ನೆನಪು ಚೆನ್ನಾಗಿಯೇ ಇರುವ ವೃದ್ಧರನ್ನೂ ಸ್ಕ್ಯಾನ್ ಮಾಡಿ ನೋಡಿದರು. ಅವರಲ್ಲೂ ಎಷ್ಟೋ ಮಂದಿಯ ಮಿದುಳು ಹೊಳೆಯಿತು!

ಹಾಗಾದರೆ ಕಾಯಿಲೆ ಶುರುವಾಗುವುದು ಯಾವಾಗ? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ಒಂದು ದುರದೃಷ್ಟದ ಗುಂಪಿನಿಂದ. ಕೆಲವು ಕುಟುಂಬಗಳಲ್ಲಿ ಒಂದೇ ಒಂದು ವಂಶವಾಹಿಯ ದೋಷದಿಂದ ನಲವತ್ತು ಐವತ್ತರ ಆಸುಪಾಸಿನಲ್ಲೇ ಅಲ್ಝೈಮರ್ಸ್ ಬರುತ್ತದೆ. ಒಟ್ಟು ರೋಗಿಗಳಲ್ಲಿ ಇಂಥವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅಪ್ಪನಿಗೋ ಅಮ್ಮನಿಗೋ ಯಾವ ವಯಸ್ಸಿಗೆ ಶುರುವಾಯಿತೋ ಮಕ್ಕಳಿಗೂ ಹೆಚ್ಚೂಕಡಿಮೆ ಅದೇ ವಯಸ್ಸಿಗೆ. ಅಂದರೆ ಕಾಯಿಲೆ ಕಾಣಿಸಿಕೊಳ್ಳಲು ಇನ್ನೆಷ್ಟು ವರ್ಷ ಇದೆ ಎಂದು ಮೊದಲೇ ಎಣಿಸಬಹುದು. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರ್‍ಯಾಂಡಲ್ ಬೇಟ್‌ಮನ್ ತಂಡ ಇಂಥ ಕುಟುಂಬಗಳನ್ನು ಪರೀಕ್ಷಿಸಿ 2012ರಲ್ಲಿ ವರದಿ ಕೊಟ್ಟಿತು. ರೋಗಲಕ್ಷಣ ಕಾಣುವುದಕ್ಕೆ ಸುಮಾರು 25 ವರ್ಷ ಮೊದಲೇ ಬೆನ್ನುಹುರಿಯ ದ್ರವದಲ್ಲಿ ಅಮೈಲಾಯ್ಡ್ ಪ್ರಮಾಣ ಇಳಿಯತೊಡಗುತ್ತದೆ, 15 ವರ್ಷ ಮೊದಲು ಸ್ಕ್ಯಾನಿನಲ್ಲಿ ಗಂಟು ಕಾಣುತ್ತದೆ, 10 ವರ್ಷ ಮೊದಲು ನೆನಪಿನ ಪರೀಕ್ಷೆಯಲ್ಲಿ ಅಂಕ ತಗ್ಗುತ್ತದೆ.

ಗಂಟು ಹೆಚ್ಚಾಗುವಾಗ ದ್ರವದಲ್ಲಿ ಅಮೈಲಾಯ್ಡ್ ಇಳಿಯುವುದೇಕೆ? ನಾಲೆಯ ಕೊನೆ ಭಾಗದ ರೈತನಿಗೆ ಇದು ಬೇಗ ಅರ್ಥವಾಗುತ್ತದೆ. ತನ್ನ ಗದ್ದೆಗೆ ನೀರು ಕಡಿಮೆ ಬಂತೆಂದರೆ ಮೇಲೆ ಎಲ್ಲೋ ಕಟ್ಟಿಕೊಂಡಿದ್ದಾರೆ ಎಂದೇ ಲೆಕ್ಕ. ಮಿದುಳಿನಲ್ಲಿ ಅಂಟಿಕೊಂಡು ಉಳಿದದ್ದು ದ್ರವಕ್ಕೆ ಇಳಿದು ಬರುವುದಿಲ್ಲ.

ಆದರೆ ಬೆನ್ನಿಗೆ ಸೂಜಿ ಚುಚ್ಚಿ ನೀರು ತೆಗೆಸಿಕೊಳ್ಳಲು ಯಾರು ಖುಷಿಯಿಂದ ಒಪ್ಪುತ್ತಾರೆ? ಪೆಟ್ ಸ್ಕ್ಯಾನ್ ದುಬಾರಿ, ಎಲ್ಲೆಡೆ ಸಿಗುವುದಿಲ್ಲ. ಹಾಗಾಗಿ ಎಲ್ಲರ ಕಣ್ಣು ರಕ್ತದ ಮೇಲೆ ಬಿತ್ತು. ಅಲ್ಲಿ ಇನ್ನೊಂದು ತೊಡಕು. ಮಿದುಳಿನ ಪ್ರೋಟೀನ್ ರಕ್ತಕ್ಕೆ ಸೋರುವುದು ತೀರಾ ಅತ್ಯಲ್ಪ. ಒಂದು ಗ್ರಾಂ ಅನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ಪಿಕೋಗ್ರಾಂ ಎನ್ನುತ್ತಾರೆ. ಇಲ್ಲಿ ಹುಡುಕಬೇಕಾದದ್ದು ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗದಲ್ಲಿ) ಒಂದು ಪಿಕೋಗ್ರಾಂಗಿಂತಲೂ ಕಡಿಮೆ. ಮಾಮೂಲಿ ಲ್ಯಾಬ್ ಯಂತ್ರಗಳಿಗೆ ಇದು ಇಲ್ಲವೇ ಇಲ್ಲ ಎಂಬಷ್ಟು. ಕಳೆದ ದಶಕದಲ್ಲಿ ಬಂದ ಹೊಸ ಯಂತ್ರಗಳು ಬೇರೆ ದಾರಿ ಹಿಡಿದವು. ಪ್ರೋಟೀನ್ ಹಿಡಿಯುವ ಪ್ರತಿಕಾಯವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳಿಗೆ ಅಂಟಿಸಿ, ಒಂದೊಂದು ಮಣಿಯನ್ನೂ ಒಂದೊಂದು ಪುಟ್ಟ ಗುಳಿಯಲ್ಲಿ ಕೂರಿಸಿ, ಯಾವ ಗುಳಿ ಬೆಳಗಿತು, ಯಾವುದು ಬೆಳಗಲಿಲ್ಲ ಎಂದು ಬಿಡಿಬಿಡಿಯಾಗಿ ಎಣಿಸುವುದು. ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಕಾಯ್ ಬ್ಲೆನೊವ್, ಹೆನ್ರಿಕ್ ಝೆಟರ್‌ಬರ್ಗ್, ಲುಂಡ್‌ನ ಆಸ್ಕರ್ ಹಾನ್ಸನ್ ಈ ಕೆಲಸದಲ್ಲಿ ಎದ್ದು ಕಾಣುವ ಹೆಸರುಗಳು. ಹಲವು ಪ್ರೋಟೀನ್‌ಗಳನ್ನು ಪರಖಾಯಿಸಿದ ಮೇಲೆ ಗೆದ್ದದ್ದು ಟೌ ಪ್ರೋಟೀನಿನ ಒಂದು ರೂಪ. ಅದರ ಸರಪಳಿಯ 217ನೇ ಕೊಂಡಿಗೆ ಫಾಸ್ಫೇಟ್ ಅಂಟಿಕೊಂಡಿರುತ್ತದೆ. ಪಿ-ಟೌ217 ಎಂದು ಅದರ ಹೆಸರು. ಮಿದುಳಿನಲ್ಲಿ ಅಮೈಲಾಯ್ಡ್ ಸೇರತೊಡಗಿದಾಗ ರಕ್ತದಲ್ಲಿ ಇದು ಏರುತ್ತದೆ.

2024ರ ಜುಲೈನಲ್ಲಿ ಸ್ವೀಡನ್ನಿನಿಂದ ಬಂದ ಅಧ್ಯಯನ ಓದಿದಾಗ ನಾನು ನಿಂತು ಯೋಚಿಸಿದ್ದು ಪರೀಕ್ಷೆಯ ಸಾಮರ್ಥ್ಯದ ಬಗ್ಗೆ ಅಲ್ಲ, ವೈದ್ಯರ ಬಗ್ಗೆ. ಮರೆವಿನ ದೂರು ಹೊತ್ತು ಬಂದ 1,213 ಜನರನ್ನು ಅಲ್ಲಿ ಪರೀಕ್ಷಿಸಿದರು. ರಕ್ತ ಪರೀಕ್ಷೆ ನೂರರಲ್ಲಿ ಸುಮಾರು 91 ಸಲ ಸರಿಯಾಗಿ ಹೇಳಿತು. ಮರೆವಿನ ಕಾಯಿಲೆಗಳ ತಜ್ಞರು ತಮ್ಮ ಎಂದಿನ ವಿಧಾನದಲ್ಲಿ ನೋಡಿ ಸರಿಯಾಗಿ ಹೇಳಿದ್ದು 73 ಸಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು 61 ಸಲ. ನಾಣ್ಯ ಚಿಮ್ಮಿದರೆ 50 ಬರುತ್ತದೆ! ಇದು ಸ್ವೀಡನ್ನಿನ ಸ್ಥಿತಿ. ಒಬ್ಬ ರೋಗಿಗೆ ಐದು ನಿಮಿಷವೂ ಸಿಗದ ನಮ್ಮ ಹೊರರೋಗಿ ವಿಭಾಗದಲ್ಲಿ ಈ ಅಂಕಿ ಎಷ್ಟಿದ್ದೀತು ಎಂಬುದನ್ನು ಓದುಗರ ಊಹೆಗೇ ಬಿಡುತ್ತೇನೆ. ವೈದ್ಯರಿಗೆ ಕೈಗೊಂದು ಊರುಗೋಲು ಬೇಕಿತ್ತು, ಸಿಕ್ಕಿದೆ. ಅದರಲ್ಲಿ ಅನುಮಾನವಿಲ್ಲ.

ಹಾಗಿದ್ದರೂ ಐವತ್ತರವರಿಗೆ ಬೇಡ ಎನ್ನುವುದೇಕೆ? ಕಾಗದ ಪೆನ್ನು ತೆಗೆದುಕೊಂಡು ಒಂದು ಲೆಕ್ಕ ಹಾಕೋಣ. ಕಾಯಿಲೆ ಇದ್ದವರಲ್ಲಿ ನೂರಕ್ಕೆ 90 ಜನರಿಗೆ ‘ಇದೆ’ ಎಂದೂ, ಇಲ್ಲದವರಲ್ಲಿ ನೂರಕ್ಕೆ 90 ಜನರಿಗೆ ‘ಇಲ್ಲ’ ಎಂದೂ ಹೇಳುವ ಪರೀಕ್ಷೆ ಎಂದಿಟ್ಟುಕೊಳ್ಳಿ. ಮೊದಲು ಆಸ್ಪತ್ರೆಗೆ ಮರೆವಿನ ದೂರಿನೊಂದಿಗೆ ಬಂದ ಸಾವಿರ ಜನರಿಗೆ ಮಾಡಿ. ಅವರಲ್ಲಿ ಅರ್ಧದಷ್ಟು ಮಂದಿಗೆ ಅಲ್ಝೈಮರ್ಸ್ ಇದೆ ಎನ್ನೋಣ. ‘ಇದೆ’ ಎಂಬ ಉತ್ತರ 500 ಜನರಿಗೆ ಬರುತ್ತದೆ. ಅದರಲ್ಲಿ 450 ನಿಜ, 50 ಸುಳ್ಳು. ಪರವಾಗಿಲ್ಲ. ಈಗ ಅದೇ ಪರೀಕ್ಷೆಯನ್ನು ಯಾವ ತೊಂದರೆಯೂ ಇಲ್ಲದ ಐವತ್ತರ ಪ್ರಾಯದ ಸಾವಿರ ಜನರಿಗೆ ಮಾಡಿ. ಆ ವಯಸ್ಸಿನ ಆರೋಗ್ಯವಂತರಲ್ಲಿ ಮಿದುಳಿನಲ್ಲಿ ಅಮೈಲಾಯ್ಡ್ ಇರುವವರು ನೂರಕ್ಕೆ ಸುಮಾರು 10. ಆ ನೂರು ಜನರಲ್ಲಿ 90 ಮಂದಿಗೆ ‘ಇದೆ’ ಎಂದು ಬರುತ್ತದೆ. ಇಲ್ಲದ 900 ಜನರಲ್ಲೂ 90 ಮಂದಿಗೆ ‘ಇದೆ’ ಎಂದೇ ಬರುತ್ತದೆ. ಅಂದರೆ ವರದಿ ಹಿಡಿದು ಅಳುವ ಇಬ್ಬರಲ್ಲಿ ಒಬ್ಬರು ಸುಮ್ಮನೆ ಅಳುತ್ತಿರುತ್ತಾರೆ. ಪರೀಕ್ಷೆ ಒಂದೇ, ಯಂತ್ರ ಒಂದೇ. ಮಾಡಿಸಿಕೊಳ್ಳುವವರು ಬದಲಾದರೆ ವರದಿಯ ಬೆಲೆಯೇ ಬದಲಾಗುತ್ತದೆ. ಎಫ್‌ಡಿಎ ಕೂಡ ಒಪ್ಪಿಗೆ ಕೊಟ್ಟಿರುವುದು 55 ದಾಟಿದ, ಮರೆವಿನ ಲಕ್ಷಣ ಇರುವವರಿಗೆ, ಅದೂ ತಜ್ಞರ ತಪಾಸಣೆಯ ಜೊತೆಗೆ. ಮಾಸ್ಟರ್ ಹೆಲ್ತ್ ಚೆಕಪ್ ಪ್ಯಾಕೇಜಿಗೆ ಸೇರಿಸಿ ಮಾರುವುದಕ್ಕಲ್ಲ. ಇನ್ನೊಂದು ವಿಷಯ: ಮೂತ್ರಪಿಂಡ ದುರ್ಬಲವಾಗಿದ್ದರೂ ರಕ್ತದಲ್ಲಿ ಪಿ-ಟೌ ಏರುತ್ತದೆ. ಸಕ್ಕರೆ ಕಾಯಿಲೆ ಮನೆಮನೆಯಲ್ಲಿರುವ ನಾಡಿನಲ್ಲಿ ಇದನ್ನು ಮರೆಯುವಂತಿಲ್ಲ.

ನಿಜವಾದ ‘ಇದೆ’ ಬಂದವರ ಕತೆಯೂ ಸರಳವಲ್ಲ. ಅಮೆರಿಕದ ಡೇವಿಡ್ ಸ್ನೋಡನ್ 1986ರಲ್ಲಿ ಕ್ರೈಸ್ತ ಸನ್ಯಾಸಿನಿಯರ ಮೇಲೆ ಒಂದು ಅಧ್ಯಯನ ಶುರು ಮಾಡಿದರು. 75 ದಾಟಿದ 678 ಸನ್ಯಾಸಿನಿಯರು ಇದಕ್ಕೆ ಸೇರಿದರು. ಒಂದೇ ಬಗೆಯ ಊಟ, ಒಂದೇ ಬಗೆಯ ಬದುಕು, ಮದ್ಯ ಸಿಗರೇಟಿನ ಗೋಜಿಲ್ಲ. ಸಂಶೋಧಕನಿಗೆ ಇದಕ್ಕಿಂತ ಒಳ್ಳೆಯ ಗುಂಪು ಸಿಗದು. ಸತ್ತ ಮೇಲೆ ತಮ್ಮ ಮಿದುಳನ್ನು ಅಧ್ಯಯನಕ್ಕೆ ಕೊಡಲು ಎಲ್ಲರೂ ಒಪ್ಪಿದ್ದರು. ಕಾನ್ವೆಂಟಿನ ಕಪಾಟುಗಳಲ್ಲಿ ಇನ್ನೊಂದು ನಿಧಿ ಸಿಕ್ಕಿತು. ಇಪ್ಪತ್ತರ ಹರೆಯದಲ್ಲಿ ದೀಕ್ಷೆ ತೆಗೆದುಕೊಳ್ಳುವ ಮುನ್ನ ಅವರಲ್ಲಿ ಹಲವರು ತಮ್ಮ ಬದುಕಿನ ಬಗ್ಗೆ ಬರೆದುಕೊಟ್ಟಿದ್ದ ಪುಟ್ಟ ಪ್ರಬಂಧಗಳು. ಒಂದೊಂದು ವಾಕ್ಯದಲ್ಲಿ ಎಷ್ಟು ವಿಚಾರ ತುಂಬಿದೆ ಎಂದು ಎಣಿಸಿ ನೋಡಿದಾಗ, ಬರವಣಿಗೆ ತೆಳುವಾಗಿದ್ದವರಲ್ಲೇ ಸುಮಾರು ಅರವತ್ತು ವರ್ಷಗಳ ನಂತರ ಅಲ್ಝೈಮರ್ಸ್ ಹೆಚ್ಚಾಗಿ ಕಂಡಿತ್ತು. ಇದು ಬೆರಗಿನ ಸಂಗತಿ, ಆದರೆ ಕಾರಣ ಯಾವುದು ಪರಿಣಾಮ ಯಾವುದು ಎಂದು ಇದೊಂದರಿಂದ ಹೇಳಲಾಗದು. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಸಿಸ್ಟರ್ ಮೇರಿ ಎಂಬವರ ಕತೆ. 101 ವರ್ಷ ಬದುಕಿದ ಆಕೆ ಕೊನೆಯವರೆಗೂ ನೆನಪಿನ ಪರೀಕ್ಷೆಗಳಲ್ಲಿ ಒಳ್ಳೆಯ ಅಂಕ ತೆಗೆದವರು. ಸತ್ತ ಮೇಲೆ ನೋಡಿದರೆ ಮಿದುಳಿನ ತುಂಬ ಅಲ್ಝೈಮರ್ಸ್‌ನ ಗಂಟುಗಳು, ಎಳೆಗಳು. ಅವರಿಗೆ ಎಪ್ಪತ್ತರಲ್ಲಿ ರಕ್ತ ಪರೀಕ್ಷೆ ಮಾಡಿ “ನಿಮಗೆ ಅಲ್ಝೈಮರ್ಸ್ ಇದೆ” ಎಂದಿದ್ದರೆ ಉಳಿದ ಮೂವತ್ತು ವರ್ಷ ಆಕೆ ಏನನ್ನು ಎದುರು ನೋಡುತ್ತ ಕೂರಬೇಕಿತ್ತು?

ಇದೇ ಪ್ರಶ್ನೆಯ ಮೇಲೆ 2024ರಲ್ಲಿ ತಜ್ಞರು ಎರಡು ಪಾಳಯವಾದರು. ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್ ಕರೆಸಿದ ಗುಂಪಿನ ಪ್ರಕಾರ ಪರೀಕ್ಷೆಯಲ್ಲಿ ಪ್ರೋಟೀನ್ ಸಿಕ್ಕಿದರೆ ಅದೇ ಕಾಯಿಲೆ, ಲಕ್ಷಣ ಇರಲಿ ಬಿಡಲಿ. ಫ್ರಾನ್ಸಿನ ಬ್ರೂನೊ ದುಬ್ವಾ ಮುಂತಾದವರ ಅಂತರರಾಷ್ಟ್ರೀಯ ಗುಂಪು ಇದನ್ನು ಒಪ್ಪಲಿಲ್ಲ. ಲಕ್ಷಣವಿಲ್ಲದವರನ್ನು ‘ಅಪಾಯ ಇರುವವರು’ ಎನ್ನಿ, ರೋಗಿ ಎನ್ನಬೇಡಿ ಎಂದಿತು. ಈ ಜಗಳದಲ್ಲಿ ನಾನು ದುಬ್ವಾ ಕಡೆ. ಕೊಡಲು ಔಷಧವಿಲ್ಲದ ಹಂತದಲ್ಲಿ ರೋಗಿ ಎಂಬ ಪಟ್ಟ ಕಟ್ಟುವುದು ಸಂಶೋಧಕರಿಗೆ ಅನುಕೂಲ ಇರಬಹುದು, ಮನುಷ್ಯನಿಗಲ್ಲ.

ಔಷಧ ಇಲ್ಲವೇ ಎಂದರೆ, ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು. ಮಿದುಳಿನ ಅಮೈಲಾಯ್ಡ್ ತೊಳೆಯುವ ಲೆಕಾನೆಮ್ಯಾಬ್‌ಗೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಒಪ್ಪಿಗೆ ಸಿಕ್ಕಿತು. 1,795 ಜನರ ಮೇಲೆ 18 ತಿಂಗಳು ನಡೆದ ಪ್ರಯೋಗದಲ್ಲಿ ಅದು ಕಾಯಿಲೆಯ ಓಟವನ್ನು ಶೇಕಡಾ 27ರಷ್ಟು ನಿಧಾನ ಮಾಡಿತು. ಕೇಳಲು ದೊಡ್ಡದು. 18 ಅಂಕಗಳ ಅಳತೆಗೋಲಿನಲ್ಲಿ ಈ ವ್ಯತ್ಯಾಸ 0.45 ಅಂಕ. ಆ ಪ್ರಯೋಗದಲ್ಲಿ ಎರಡು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ಡ್ರಿಪ್ ಹಾಕಿಸಿಕೊಳ್ಳಬೇಕಿತ್ತು, ಸುಮಾರು ಎಂಟು ಜನರಲ್ಲಿ ಒಬ್ಬರಿಗೆ ಮಿದುಳಿನಲ್ಲಿ ಊತ ಕಂಡಿತು. ಅಮೆರಿಕದಲ್ಲಿ ವರ್ಷಕ್ಕೆ 26,500 ಡಾಲರ್ ಬೆಲೆ ಇಟ್ಟರು. ಇನ್ನೂ ಬೇಗ, ಅಂದರೆ ಲಕ್ಷಣಕ್ಕೂ ಮೊದಲೇ ಕೊಟ್ಟರೆ? ಸೊಲಾನೆಜುಮ್ಯಾಬ್ ಎಂಬ ಔಷಧದ ಇಂಥ ಪ್ರಯೋಗ 2023ರಲ್ಲಿ ವಿಫಲವಾಯಿತು. ಬೇಟ್‌ಮನ್ ತಂಡ ಮೇಲೆ ಹೇಳಿದ ಕುಟುಂಬಗಳಲ್ಲಿ ಬೇರೊಂದು ಔಷಧ ಕೊಟ್ಟು ನೋಡಿ 2025ರಲ್ಲಿ ಪ್ರಕಟಿಸಿದ ಫಲಿತಾಂಶ ಮಾತ್ರ ಆಸೆ ಹುಟ್ಟಿಸುತ್ತದೆ. ಹೆಚ್ಚು ವರ್ಷ ಔಷಧ ಪಡೆದ ಪುಟ್ಟ ಗುಂಪಿನಲ್ಲಿ ಲಕ್ಷಣ ಕಾಣಿಸಿಕೊಳ್ಳುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿದಿತ್ತು. ಆರೋಗ್ಯವಂತರಲ್ಲಿ ಪಿ-ಟೌ217 ನೋಡಿ ಆಯ್ದು ಔಷಧ ಕೊಡುವ ಪ್ರಯೋಗಗಳೂ ನಡೆದಿವೆ. ಅವುಗಳಲ್ಲಿ ಒಂದು ಸ್ಪಷ್ಟವಾಗಿ ಗೆದ್ದ ದಿನ ನನ್ನ ‘ಬೇಡ’ವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಈಗ ಜಗುಲಿಯಲ್ಲಿ ಕೂತವರ ವಿಷಯಕ್ಕೆ ಬರೋಣ. ದೇಶವ್ಯಾಪಿ ಸಮೀಕ್ಷೆಯೊಂದರ ಪ್ರಕಾರ 60 ದಾಟಿದ ಭಾರತೀಯರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ದಿನನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ಮರೆವು) ಇದೆ. ಅದರಲ್ಲಿ ಅಲ್ಝೈಮರ್ಸ್‌ನದೇ ದೊಡ್ಡ ಪಾಲು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಆದರೆ ನೆನಪನ್ನು ಅಳೆಯುವ ಪ್ರಸಿದ್ಧ ಪ್ರಶ್ನಾವಳಿ ತಯಾರಾಗಿದ್ದು ಅಮೆರಿಕದಲ್ಲಿ. ನೂರರಿಂದ ಏಳೇಳು ಕಳೆಯುತ್ತಾ ಹೋಗಿ, ಒಂದು ವಾಕ್ಯ ಬರೆಯಿರಿ, ಒಂದರ ಮೇಲೊಂದು ಬಿದ್ದ ಎರಡು ಪಂಚಭುಜಗಳನ್ನು ನೋಡಿ ಬರೆಯಿರಿ ಎಂದು ಅದು ಕೇಳುತ್ತದೆ. ಬದುಕಿನಲ್ಲಿ ಪೆನ್ನು ಹಿಡಿಯದ, ಆದರೆ ಹತ್ತು ಎಕರೆ ಹೊಲದ ಆಳುಕಾಳಿನ ಲೆಕ್ಕವನ್ನೆಲ್ಲ ಬಾಯಲ್ಲೇ ಇಟ್ಟುಕೊಂಡಿದ್ದ ಅಜ್ಜಿ ಇದರಲ್ಲಿ ಮೊದಲ ದಿನವೇ ಫೇಲು. ಇನ್ನೊಂದು ಕಡೆ, ಓದಿದ ನಿವೃತ್ತ ಮೇಷ್ಟರು ಕಾಯಿಲೆ ಒಳಗೊಳಗೇ ಬೆಳೆಯುತ್ತಿದ್ದರೂ ಇದರಲ್ಲಿ ಆರಾಮವಾಗಿ ಪಾಸು. ಅದಕ್ಕೇ ನಮ್ಮ ವಿಜ್ಞಾನಿಗಳು ಅಕ್ಷರ ಬಾರದವರಿಗೂ ಒಗ್ಗುವ ಪರೀಕ್ಷೆಗಳನ್ನು ಕನ್ನಡವೂ ಸೇರಿ ಐದು ಭಾರತೀಯ ಭಾಷೆಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮೂಲಕ ಸಿದ್ಧಪಡಿಸಿದ್ದಾರೆ. ಹೊಸ ರಕ್ತ ಪರೀಕ್ಷೆಯಷ್ಟು ಸದ್ದು ಮಾಡಲಿಲ್ಲ ಇದು. ನಮ್ಮ ಮಟ್ಟಿಗೆ ಅದಕ್ಕಿಂತ ಸಣ್ಣ ಕೆಲಸವೂ ಅಲ್ಲ.

ಈ ತಂಡದಲ್ಲಿ ದುಡಿದ, ಈಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ 2013ರಲ್ಲಿ ಹೈದರಾಬಾದಿನ 648 ರೋಗಿಗಳನ್ನು ಅಧ್ಯಯನ ಮಾಡಿ, ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ಡಿಮೆನ್ಷಿಯಾ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು ಎಂದು ತೋರಿಸಿದ್ದರು. ಓದುಬರಹ ಇಲ್ಲದವರಲ್ಲೂ ಇದು ನಿಜವಾಗಿತ್ತು. ಕನ್ನಡ, ತೆಲುಗು ಎರಡನ್ನೂ ಸಲೀಸಾಗಿ ಆಡುವ ಕೋಲಾರದ ಸೀಮೆಯವರಿಗೆ ಸಂತೋಷದ ಸುದ್ದಿ. ಅದೇ ಕೋಲಾರ ಜಿಲ್ಲೆಯ, ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ದೊಡ್ಡ ಅಧ್ಯಯನವೊಂದನ್ನು ನಡೆಸುತ್ತಿದೆ. 45 ದಾಟಿದ ಹತ್ತು ಸಾವಿರ ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಅವರ ರಕ್ತ, ನೆನಪು, ನಡಿಗೆ, ಮಿದುಳಿನ ಚಿತ್ರ ಎಲ್ಲವನ್ನೂ ಮತ್ತೆ ಮತ್ತೆ ನೋಡುವುದು ಅದರ ಗುರಿ. ಇನ್ಫೋಸಿಸ್ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟಿನ ದೇಣಿಗೆಯಿಂದ ಹುಟ್ಟಿದ ಕೇಂದ್ರ ಅದು. ಸ್ವೀಡನ್ನಿನ ರಕ್ತದಲ್ಲಿ ಗೊತ್ತುಮಾಡಿದ ಮಿತಿ ರಾಗಿ ಮುದ್ದೆ ಉಂಡು ಬೆಳೆದ, ಬಿಪಿ ಶುಗರ್ ಎರಡೂ ಇರುವ ಮೈಗೆ ಹೊಂದುತ್ತದೆಯೇ ಎಂಬುದಕ್ಕೆ ಉತ್ತರ ಸಿಗಬೇಕಾದದ್ದು ಇಂಥ ಹಳ್ಳಿಗಳಿಂದಲೇ.

ಮನೆಯಲ್ಲಿ ಮರೆವನ್ನು ಮೊದಲು ಗುರುತಿಸುವವರು ಯಾರು? ಹಬ್ಬಕ್ಕೆ ಬಂದು ಎರಡು ದಿನ ಇದ್ದು ಹೋಗುವ ಮಗನಲ್ಲ. ದಿನಾ ಜೊತೆಗಿರುವ ಸೊಸೆಗೆ ಗೊತ್ತಾಗುತ್ತದೆ. ನಲವತ್ತು ವರ್ಷ ಕೈ ಅಳತೆಯಲ್ಲೇ ಸಾರು ಮಾಡಿದ ಅತ್ತೆ ಈಗ ಎರಡೆರಡು ಸಲ ಉಪ್ಪು ಹಾಕುತ್ತಾರೆ. ಹಾಲಿನವನಿಗೆ ಬೆಳಿಗ್ಗೆ ಕೊಟ್ಟ ದುಡ್ಡನ್ನು ಸಂಜೆ ಮತ್ತೆ ಕೊಡಲು ಹೋಗುತ್ತಾರೆ. ಪಿಂಚಣಿ ತರಲು ಹೋದ ಮಾವ ಬ್ಯಾಂಕಿನಿಂದ ವಾಪಸು ಬರುವಾಗ ಬೇರೆ ಬೀದಿಗೆ ತಿರುಗಿದ್ದರು. ಸೊಸೆ ಬಾಯಿ ಬಿಟ್ಟರೆ “ನಮ್ಮಮ್ಮನ ಮೇಲೆ ಚಾಡಿ ಹೇಳ್ತೀಯಾ” ಎಂಬ ಮಾತು. ಅರವತ್ತಕ್ಕೆ ಅರಳು ಮರಳು ಎಂದು ಗಾದೆ ಹೇಳಿ ಎಲ್ಲರೂ ಕೈ ತೊಳೆದುಕೊಳ್ಳುತ್ತಾರೆ. ಯಾರದೋ ಹೆಸರು ಮರೆತು ಸಂಜೆಯ ಹೊತ್ತಿಗೆ ನೆನಪಾದರೆ ಅದು ವಯಸ್ಸು. ಬೆಳಿಗ್ಗೆ ಮಗಳ ಜೊತೆ ಅರ್ಧ ಗಂಟೆ ಮಾತಾಡಿ, ಮಧ್ಯಾಹ್ನ “ಅವಳು ಫೋನೇ ಮಾಡಲ್ಲ” ಎಂದು ಬೇಸರಪಟ್ಟುಕೊಂಡರೆ, ಅದು ಪದೇಪದೇ ಆದರೆ, ವೈದ್ಯರನ್ನು ನೋಡಲೇಬೇಕು.

ಬೇಗ ಹೋಗುವುದರ ದೊಡ್ಡ ಲಾಭ ಅಲ್ಝೈಮರ್ಸ್ ಸಿಗುವುದಲ್ಲ, ಅಲ್ಝೈಮರ್ಸ್ ಅಲ್ಲದ್ದು ಸಿಗುವುದು. ಬಿ12 ಕೊರತೆ, ಅದರಲ್ಲೂ ಸಸ್ಯಾಹಾರಿಗಳಲ್ಲಿ, ಮರೆವು ತರುತ್ತದೆ. ಥೈರಾಯ್ಡ್ ತಗ್ಗಿದರೆ ತರುತ್ತದೆ. ಗಂಡನನ್ನು ಕಳೆದುಕೊಂಡ ಮೇಲೆ ಮಂಕಾಗಿ ಕೂತವರದು ಎಷ್ಟೋ ಸಲ ಖಿನ್ನತೆ. ಕಿವಿ ಕೇಳಿಸದವರಿಗೆ ಹೇಳಿದ್ದು ತಲೆಗೆ ಹೋಗಿರುವುದೇ ಇಲ್ಲ, ಮರೆಯುವ ಮಾತೆಲ್ಲಿ? ಇವೆಲ್ಲಕ್ಕೂ ಚಿಕಿತ್ಸೆ ಇದೆ, ಖರ್ಚೂ ಹೆಚ್ಚಿಲ್ಲ. ಐವತ್ತರ ಪ್ರಾಯದವರಿಗೂ ಮಾಡಲು ಕೆಲಸವಿದೆ. ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಕಿವಿ, ಕಣ್ಣು, ಒಂಟಿತನ ಮುಂತಾದ 14 ಅಪಾಯಗಳನ್ನು ನಿಭಾಯಿಸಿದರೆ ಜಗತ್ತಿನ ಡಿಮೆನ್ಷಿಯಾದಲ್ಲಿ ಶೇಕಡಾ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಅಂದಾಜು ಮಾಡಿದೆ. ಪಿ-ಟೌ ತೋರಿಸುವ ಮೊದಲು ಬಿಪಿ ತೋರಿಸಿಕೊಳ್ಳಿ.

ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಶುರುಮಾಡಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆಯಲಾಗಿದೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವಾಗ ಹಿರಿಯರ ಜೊತೆ ದಿನಾ ಇರುವವರೇ ಹೋಗಿ, ಏನೇನು ಬದಲಾಗಿದೆ, ಯಾವಾಗಿನಿಂದ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡಿರಿ. ಅವರು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ವೈದ್ಯರು ಬರೆಯದೆ ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ತಂದ ನಿದ್ರೆ ಮಾತ್ರೆ, ಅಲರ್ಜಿ ಮಾತ್ರೆಗಳನ್ನಂತೂ ಬಿಡಬೇಡಿ. ಮರೆವು ಎಷ್ಟೋ ಸಲ ಅವುಗಳಿಂದಲೂ ಬರುತ್ತದೆ.